ಅಧಿಕಾರಿಕುಲಗಳೂ ಭೂಸ್ವಾಮ್ಯವೂ: ಕಪಿಲಾ-ಕಾವೇರಿ ಪ್ರದೇಶದ ಎರಡು ನಿದರ್ಶನಗಳು

ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಶಾಸನಗಳನ್ನು ಬಿ. ಎಲ್. ರೈಸ್ ಅವರು 1894ರಲ್ಲಿ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಮೂರನೆಯ ಸಂಪುಟದಲ್ಲಿ ಪ್ರಕಟಿಸಿದರು. ರಾಜವಂಶಗಳ ಕಾಲನಿರ್ಣಯಕ್ಕೆ ಒದಗುವ ಇಂತಹ ಶಾಸನಗಳು, ಊರಿನ ನೆಲ ಯಾರ ಅಧೀನದಲ್ಲಿದ್ದಿತೆಂಬ ಪ್ರಶ್ನೆಗೂ ಉತ್ತರವೀಯಬಲ್ಲವು. ಆದರೆ 'ಒಡೆತನ'ವೆಂಬ ಮಾತಿಗೆ ಇಂದಿನ ಅರ್ಥವನ್ನು ಹಚ್ಚಿ ಅವುಗಳನ್ನು ಓದುವುದು ಯುಕ್ತವಲ್ಲ.

ನರಸೀಪುರ ತಾಲ್ಲೂಕಿನ ಸೋಮನಾಥಪುರವನ್ನೇ ನೋಡಬಹುದು. ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕನಾದ ಸೋಮನಾಥನು 13ನೆಯ ಶತಮಾನದಲ್ಲಿ ಅರಸನ ಸಮ್ಮತಿ ಪಡೆದು ಇಲ್ಲಿ ಅಗ್ರಹಾರವನ್ನು ಸ್ಥಾಪಿಸಿ, ಭೂಮಿಯನ್ನು ವೃತ್ತಿಗಳಾಗಿ ವಿಂಗಡಿಸಿ ಬ್ರಾಹ್ಮಣರಿಗೆ ಕೊಟ್ಟನು. ಕೇಶವ ದೇವಾಲಯವನ್ನು ಕಟ್ಟಿಸಿ ಅದರ ಪೂಜಾದಿಗಳಿಗೆ ದತ್ತಿಯನ್ನು ಏರ್ಪಡಿಸಿದನು. ಊರಿಗೆ ಅವನ ಹೆಸರೇ ನಿಂತಿತು. ಅಲ್ಲಿಯ ಪಂಚಲಿಂಗ ದೇವಾಲಯದ ಲಿಂಗಗಳಿಗೂ ಅವನ ಬಂಧುಗಳ ಹೆಸರುಗಳನ್ನಿಡಲಾಯಿತು.

ದಾನಶಾಸನಗಳಲ್ಲಿ ಪದೇ ಪದೇ ಬರುವ 'ಅಷ್ಟಭೋಗ ತೇಜಸ್ವಾಮ್ಯ'ವೆಂಬ ಮಾತು ಇಲ್ಲಿ ವಿಚಾರಾರ್ಹ. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯಗಳೆಂಬ ಎಂಟು ಬಗೆಯ ಭೋಗಗಳನ್ನು ಒಂದೊಂದಾಗಿ ಎಣಿಸಿ ಕೊಡುತ್ತಿದ್ದರೆಂದರೆ, ಸ್ವಾಮ್ಯವು ಒಂದೇ ಅಖಂಡ ವಸ್ತುವಾಗಿರದೆ ಹಲವು ಹಕ್ಕುಗಳ ಸಮುದಾಯವಾಗಿದ್ದಿತೆಂದು ಅರ್ಥ. ಒಂದೇ ಗದ್ದೆಯ ಮೇಲೆ ಅರಸನಿಗೆ ಸರ್ವಮಾನ್ಯ ಮಾಡುವ ಅಧಿಕಾರ, ವೃತ್ತಿವಂತನಿಗೆ ಆದಾಯ, ಉಳುವವನಿಗೆ ದುಡಿಮೆ. ದಾನ ಮಾಡಿಸಿದ ದಂಡನಾಯಕನಿಗೆ ಉಳಿಯುತ್ತಿದ್ದುದು ಪುಣ್ಯ ಮತ್ತು ಕೀರ್ತಿ. ಉಳುವವನ ಹೆಸರಾದರೋ ಇಂತಹ ಶಾಸನಗಳಲ್ಲಿ ಬಹುಮಟ್ಟಿಗೆ ಕಾಣುವುದಿಲ್ಲ.

ಮಧ್ಯಯುಗವು ಕಳೆದ ಮೇಲೂ ಈ ಪದ್ಧತಿಯ ಛಾಯೆ ಅಳಿಯಲಿಲ್ಲ. ನಂಜನಗೂಡು ತಾಲ್ಲೂಕಿನ ಕಳಲೆಯ ಮನೆತನವು ಮೈಸೂರು ಒಡೆಯರೊಡನೆ ವಿವಾಹಸಂಬಂಧ ಬೆಳೆಸಿ ದಳವಾಯಿ ಪದವಿಯನ್ನು ಪಡೆಯಿತು. 18ನೆಯ ಶತಮಾನದಲ್ಲಿ ರಾಜ್ಯದ ನಿಜವಾದ ಆಡಳಿತವೇ ಅದರ ಕೈಸೇರಿತ್ತು. ಆದರೆ 1761ರ ವೇಳೆಗೆ ಹೈದರಾಲಿಯು ಪ್ರಬಲನಾದಾಗ ಆ ವೈಭವವು ಅಸ್ತಮಿಸಿತು. ಕರಾಚೂರಿ ನಂಜರಾಜನು 1773ರಲ್ಲಿ ಅಧಿಕಾರಹೀನನಾಗಿಯೇ ತೀರಿಕೊಂಡನು. ಅವನ ಭಕ್ತಿಗೆ ಪಾತ್ರವಾಗಿದ್ದ ನಂಜುಂಡೇಶ್ವರನ ಆಲಯವಾದರೋ ಮುಂದೆಯೂ ಅರಸರ ಆಶ್ರಯದಲ್ಲಿ ಬೆಳೆಯಿತು.

ಈ ಎರಡು ನಿದರ್ಶನಗಳಿಂದ ಒಂದು ಮಾತು ವ್ಯಕ್ತವಾಗುತ್ತದೆ. ಪದವಿಯಿಂದ ಬಂದ ಸಂಪತ್ತು ಪದವಿಯೊಡನೆಯೇ ಹೋಗಬಹುದಾಗಿದ್ದಿತು. ದೇವರಿಗೋ ವಿದ್ವಾಂಸರಿಗೋ ಧಾರೆಯೆರೆದುದು ಕೊಟ್ಟವನ ಭಾಗ್ಯದೊಡನೆ ಅಳಿಯುವಂತಿರಲಿಲ್ಲ. ಆದುದರಿಂದ ದಾನವನ್ನು ಕೇವಲ ಧರ್ಮಶ್ರದ್ಧೆಯೆಂದಾಗಲಿ, ಕೇವಲ ಲೌಕಿಕ ಜಾಣ್ಮೆಯೆಂದಾಗಲಿ ಎಣಿಸಲಾಗದು. ಶಾಸನವನ್ನೋದುವ ವಿದ್ಯಾರ್ಥಿಯು ನೆಲವನ್ನು ಯಾರು ಕೊಟ್ಟರೆಂಬುದರ ಜೊತೆಗೆ, ಆ ನೆಲದಲ್ಲಿ ಯಾವ ಹಕ್ಕನ್ನು ಕೊಟ್ಟರು, ಯಾರ ಹಕ್ಕನ್ನು ಹೇಳದೆ ಬಿಟ್ಟರು ಎಂಬುದನ್ನೂ ವಿಚಾರಿಸುವುದು ಆವಶ್ಯಕ.