ಗುಂಡಿಯೊಳಗಿನ ಜಪಾನಿ ಅಕ್ಷರಗಳು

ಮೊಬೈಲ್ ಫೋನಿನ ಇಮೋಜಿ ಪಟ್ಟಿಯಲ್ಲಿ ಕೆಂಪು, ಕಿತ್ತಳೆ, ನೀಲಿ ಬಣ್ಣದ ಕೆಲವು ಅಕ್ಷರಗುಂಡಿಗಳನ್ನು ನೀವು ಕಂಡಿರಬಹುದು. ಜಪಾನಿ ಅಕ್ಷರಗಳಿರುವ ಇಂಥ ಗುಂಡಿಗಳು ಒಟ್ಟು 17. ಎರಡರಲ್ಲಿರುವುದು ಕತಕಾನಾ ಲಿಪಿ. ಉಳಿದ 15ರಲ್ಲಿ ಚೀನೀ ಮೂಲದ ಕಾಂಜಿ. ಜಪಾನಿ ಬಾರದವರಿಗೆ ಉಪಯೋಗವಿಲ್ಲದ ಇವು ಎಲ್ಲರ ಫೋನಿಗೂ ಬಂದದ್ದೇಕೆ?

ಕಾಂಜಿಯ ಒಂದೇ ಅಕ್ಷರ ಇಡೀ ಪದದ ಕೆಲಸ ಮಾಡಬಲ್ಲದು. ಆದ್ದರಿಂದ ಜಪಾನಿನ ಫಲಕ, ಜಾಹೀರಾತುಗಳಲ್ಲಿ ಇಂಥ ಸಂಕ್ಷೇಪಗಳು ಹಿಂದಿನಿಂದಲೂ ಬಳಕೆಯಲ್ಲಿವೆ. 'ಆಕಾಶ' ಎಂಬ ಅರ್ಥವೂ ಇರುವ ಅಕ್ಷರ ಗುಂಡಿಯೊಳಗೆ 'ಜಾಗ ಖಾಲಿ ಇದೆ' ಎನ್ನುತ್ತದೆ. 'ಚಂದ್ರ' ಇಲ್ಲಿ ತಿಂಗಳ ಶುಲ್ಕ. 'ಇಲ್ಲ' ಎಂಬ ಅಕ್ಷರ ಕಂಡರೆ ಸಂತೋಷಪಡಬೇಕು: ಅದು ಶುಲ್ಕವಿಲ್ಲ ಎಂಬ ಸೂಚನೆ! ಪರೀಕ್ಷೆಯಲ್ಲಿ ತೇರ್ಗಡೆ, ರಿಯಾಯಿತಿ, ನಿಷೇಧ, ಕಾದಿರಿಸಿದ ಆಸನ, ಗುಟ್ಟು, ಅಭಿನಂದನೆ - ಇವಕ್ಕೂ ಒಂದೊಂದು ಗುಂಡಿ ಉಂಟು.

1999ರಲ್ಲಿ ಎನ್‌ಟಿಟಿ ಡೊಕೊಮೊ ಕಂಪನಿ ತನ್ನ ಐ-ಮೋಡ್ ಸೇವೆಗಾಗಿ 176 ಇಮೋಜಿಗಳನ್ನು ಹೊರತಂದಿತು. ಪ್ರತಿಯೊಂದಕ್ಕೂ ದೊರೆತದ್ದು 12x12, ಅಂದರೆ 144 ಚುಕ್ಕೆಗಳಷ್ಟೇ ಜಾಗ. ಪೈಪೋಟಿಯ ಕಂಪನಿಗಳಿಗೂ ತಮ್ಮತಮ್ಮ ಚಿಹ್ನೆಗಳಿದ್ದವು. ಅಕ್ಷರಗುಂಡಿಗಳು ಇಂಥ ಪಟ್ಟಿಗಳಲ್ಲಿ ಬೆಳೆದವು. ತೊಡಕೆಂದರೆ, ಸಂಕೇತಸಂಖ್ಯೆ ಒಬ್ಬೊಬ್ಬರದು ಒಂದೊಂದು. ಒಂದು ಜಾಲದಿಂದ ಹೊರಟ ಚಿಹ್ನೆ ಇನ್ನೊಂದರಲ್ಲಿ ಬೇರೆಯೇ ಆಗಿ ಕಾಣಬಹುದಿತ್ತು, ಇಲ್ಲವೇ ಕಾಣದೆಯೇ ಹೋಗಬಹುದಿತ್ತು. ಹಳೆಯ ಫಾಂಟುಗಳಲ್ಲಿ ಬೆರಳಚ್ಚಾದ ಕನ್ನಡ ಕಡತವನ್ನು ಆ ಫಾಂಟ್ ಇಲ್ಲದ ಗಣಕದಲ್ಲಿ ತೆರೆದವರಿಗೆ ಈ ಪಾಡನ್ನು ವಿವರಿಸಬೇಕಾಗಿಲ್ಲ.

2009ರಲ್ಲಿ ಗೂಗಲ್ ಮತ್ತು ಆಪಲ್ ಕಂಪನಿಗಳ ಎಂಜಿನಿಯರುಗಳು ಯೂನಿಕೋಡ್ ಸಂಸ್ಥೆಗೆ ಪ್ರಸ್ತಾವ ಸಲ್ಲಿಸಿದರು. ಹಳೆಯ ಸಂಕೇತದಿಂದ ಯೂನಿಕೋಡಿಗೆ ಬದಲಾಯಿಸಿ ಮತ್ತೆ ಹಿಂದಿರುಗಿಸಿದರೂ ಏನೂ ನಷ್ಟವಾಗಬಾರದು ಎಂಬುದು ಅವರ ಗುರಿ. ಹೀಗಿರುವಾಗ 'ಇದು ಹೊರಗಿನವರಿಗೆ ಅರ್ಥವಾಗದು' ಎಂದು ಯಾವುದನ್ನೂ ಕೈಬಿಡುವಂತಿರಲಿಲ್ಲ. ವೃತ್ತದೊಳಗಿನ 'ಗುಟ್ಟು' ಮತ್ತು 'ಅಭಿನಂದನೆ' ಮೊದಲಿನಿಂದಲೇ ಯೂನಿಕೋಡಿನಲ್ಲಿದ್ದವು. ಚೌಕದೊಳಗಿನವುಗಳಲ್ಲಿ ಎರಡು 2009ರ 5.2 ಆವೃತ್ತಿಯಲ್ಲೂ, ಉಳಿದವು 2010ರ ಅಕ್ಟೋಬರಿನ 6.0 ಆವೃತ್ತಿಯಲ್ಲೂ ಸೇರಿದವು.

ಆದರೆ ಉಳಿದದ್ದು ರೂಪ ಮಾತ್ರ. 'ಜಾಗ ಖಾಲಿ ಇದೆ' ಗುಂಡಿಗೆ ಯೂನಿಕೋಡಿನಲ್ಲಿರುವ ಅಧಿಕೃತ ಹೆಸರಿನ ತಾತ್ಪರ್ಯ 'ಚೌಕದೊಳಗಿನ ಚಿತ್ರಾಕ್ಷರ 7ಎ7ಎ' ಎಂದಷ್ಟೆ. ಖಾಲಿ ಜಾಗದ ಪ್ರಸ್ತಾಪ ಆ ಹೆಸರಿನಲ್ಲಿಲ್ಲ.