ಕಾರಿನ ಹಳೆ ಸ್ಟಿಕ್ಕರ್ ಪಟ್ಟಿ ತೆಗೆಯಬೇಕೇ? ಬಣ್ಣ ಹಾಳಾಗದಂತೆ ಹೀಗೆ ಮಾಡಿ

ಮುಂಬೈ: ಕಾರಿನ ಎರಡೂ ಬದಿಗೆ ಅಂಟಿಸಿದ ಬಣ್ಣದ ಪಟ್ಟಿ ಹೊಸದರಲ್ಲಿ ಚೆಂದ. ಏಳೆಂಟು ವರ್ಷ ಬಿಸಿಲು, ಮಳೆ ಕಂಡ ಮೇಲೆ ಅದೇ ಪಟ್ಟಿ ಬಿರುಕು ಬಿಟ್ಟು, ಅಂಚು ಮಡಚಿಕೊಂಡು ಇಡೀ ಗಾಡಿಯ ಅಂದ ಕೆಡಿಸುತ್ತದೆ. ಹಾಗೆಂದು ಉಗುರಿನಿಂದಲೋ ಬ್ಲೇಡಿನಿಂದಲೋ ಕೆರೆಯಲು ಹೋದರೆ ಪಟ್ಟಿಯ ಜೊತೆ ಬಣ್ಣವೂ ಕಿತ್ತು ಬರಬಹುದು. ಒಂದು ಬಾಗಿಲಿಗೆ ಮಾತ್ರ ಹೊಸ ಬಣ್ಣ ಹೊಡೆಸಿದರೆ ಅದು ಪಕ್ಕದ ಹಳೆ ಬಣ್ಣಕ್ಕೆ ಹೊಂದುವುದು ಕಷ್ಟ. ಮಾರುವಾಗ ಕೊಳ್ಳುವವರಿಗೆ ಮೊದಲು ಬರುವ ಅನುಮಾನವೇ ‘ಗಾಡಿಗೆ ಅಪಘಾತ ಆಗಿತ್ತೇ’ ಎಂಬುದು.

ಸಯನ್‌ನಂಥ ಪ್ರದೇಶದಲ್ಲಿ ಬಹಳಷ್ಟು ಕಾರುಗಳು ನಿಲ್ಲುವುದು ಕಟ್ಟಡದ ಅಂಗಳದಲ್ಲಿ ಇಲ್ಲವೇ ರಸ್ತೆಬದಿಯಲ್ಲಿ. ಸೂರು ಇಲ್ಲದ ಕಾರಣ ಬಿಸಿಲಿಗೆ ಪಟ್ಟಿಯ ವಿನೈಲ್ ಒಣಗಿ ಪೆಡಸಾಗುತ್ತದೆ, ಅಂಟು ಗಟ್ಟಿಯಾಗುತ್ತದೆ. ಪಟ್ಟಿ ಹಳೆಯದಾದಷ್ಟೂ ಕೆಲಸಕ್ಕೆ ಹೆಚ್ಚು ತಾಳ್ಮೆ ಬೇಕು.

ಮೊದಲು ಬಣ್ಣವನ್ನು ಪರೀಕ್ಷಿಸಿ

ಪಟ್ಟಿಯ ಅಂಚಿನ ಮೇಲೆ ಉಗುರು ಆಡಿಸಿ ನೋಡಿ. ಅಂಚು ತಡೆದರೆ ಅದು ಮೇಲೆ ಅಂಟಿಸಿದ ವಿನೈಲ್ ಆಗಿರುವ ಸಾಧ್ಯತೆ ಹೆಚ್ಚು. ಏನೂ ತಡೆಯದೆ ನುಣುಪಾಗಿದ್ದರೆ ಪಟ್ಟಿಯನ್ನು ಬಣ್ಣದಲ್ಲೇ ಬಳಿದು, ಮೇಲೆ ಕ್ಲಿಯರ್ ಕೋಟ್ ಹೊಡೆದಿರಬಹುದು. ಅಂಥದ್ದು ಮನೆಯಲ್ಲಿ ತೆಗೆಯುವ ಕೆಲಸವಲ್ಲ.

ಎರಡನೆಯದಾಗಿ, ಆ ಭಾಗಕ್ಕೆ ಮರುಬಣ್ಣ ಆಗಿದೆಯೇ ಎಂದು ತಿಳಿಯಬೇಕು. ಕಂಪನಿಯ ಮೂಲ ಬಣ್ಣ ಎಲ್ಲ ಪದರ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ದಪ್ಪ ಇರುತ್ತದೆ. ದಪ್ಪ ಅಳೆಯುವ ಮೀಟರ್ 200 ಮೈಕ್ರಾನ್ ದಾಟಿ ತೋರಿಸಿದರೆ ಮೇಲೆ ಮತ್ತೊಮ್ಮೆ ಬಣ್ಣ ಹೊಡೆದಿರುವ ಸಾಧ್ಯತೆ ಹೆಚ್ಚು. ಸರಿಯಾಗಿ ಹಿಡಿಯದ ಮರುಬಣ್ಣ ಪಟ್ಟಿಯ ಜೊತೆಗೇ ಸಿಪ್ಪೆಯಂತೆ ಎದ್ದು ಬರುತ್ತದೆ. ಸೆಕೆಂಡ್ ಹ್ಯಾಂಡ್ ಕಾರು ಕೊಂಡವರು ಈ ಪರೀಕ್ಷೆಯನ್ನು ಬಿಡಬಾರದು.

ಸಯನ್‌ಗೆ ಹೊಂದಿಕೊಂಡಿರುವ ಕುರ್ಲಾದ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಯಾಗಿ 2023ರ ಅಕ್ಟೋಬರ್‌ನಲ್ಲಿ ಮುಂಬೈ ರಸ್ತೆಗಳಿಂದ ಮರೆಯಾಯಿತು. ಅಂಥ ಹಳೆಯ ಕಾರನ್ನು ಮನೆಯಲ್ಲಿ ಜೋಪಾನ ಮಾಡಿದವರು ಇನ್ನಷ್ಟು ಎಚ್ಚರ ವಹಿಸಬೇಕು. ಆ ಕಾಲದ ಬಣ್ಣಕ್ಕೆ ಸಾಮಾನ್ಯವಾಗಿ ಕ್ಲಿಯರ್ ಕೋಟ್ ರಕ್ಷಣೆ ಇರುವುದಿಲ್ಲ. ಕಾಣದ ಮೂಲೆಯಲ್ಲಿ ಸ್ವಲ್ಪ ಪಾಲಿಶ್ ಹಚ್ಚಿ ಬಿಳಿ ಬಟ್ಟೆಯಿಂದ ಉಜ್ಜಿದಾಗ ಬಟ್ಟೆಗೆ ಕಾರಿನ ಬಣ್ಣ ಹತ್ತಿದರೆ ಕ್ಲಿಯರ್ ಕೋಟ್ ಇಲ್ಲ ಎಂದರ್ಥ.

ಬಿಸಿ ಮಾಡಿ, ನಿಧಾನವಾಗಿ ಎಳೆಯಿರಿ

* ಕಾರನ್ನು ನೆರಳಿನಲ್ಲಿ ನಿಲ್ಲಿಸಿ, ಶಾಂಪೂ ಹಾಕಿ ತೊಳೆದು ಒರೆಸಿ. ಧೂಳು ಉಳಿದರೆ ಉಜ್ಜುವಾಗ ಗೀರು ಬೀಳುತ್ತದೆ.
* ಹೇರ್ ಡ್ರೈಯರ್‌ನಿಂದ ಒಂದು ಗೇಣಿನಷ್ಟು ಭಾಗವನ್ನು ಬಿಸಿ ಮಾಡಿ. ಗಾಳಿಯನ್ನು ಒಂದೇ ಕಡೆ ಹಿಡಿಯದೆ ಆಡಿಸುತ್ತಿರಿ. ಮುಟ್ಟಿದರೆ ಚೆನ್ನಾಗಿ ಬಿಸಿ ಎನಿಸಬೇಕು, ಕೈ ಸುಡಬಾರದು. ಹೀಟ್ ಗನ್ ಅಭ್ಯಾಸವಿಲ್ಲದವರ ಕೈಯಲ್ಲಿ ಬಣ್ಣವನ್ನೂ ಪ್ಲಾಸ್ಟಿಕ್ ಬಂಪರನ್ನೂ ಸುಡಬಲ್ಲದು.
* ಹಳೆಯ ಎಟಿಎಂ ಕಾರ್ಡಿನ ಅಂಚಿನಿಂದ ಪಟ್ಟಿಯ ತುದಿ ಎಬ್ಬಿಸಿ. ಲೋಹದ ಬ್ಲೇಡ್, ಸ್ಕ್ರೂ ಡ್ರೈವರ್ ಬೇಡ.
* ಎದ್ದ ತುದಿಯನ್ನು ಹಿಂದಕ್ಕೆ ಮಡಚಿ, ಓರೆಯಾಗಿ ನಿಧಾನಕ್ಕೆ ಎಳೆಯಿರಿ. ಬಿಗಿಯಾದರೆ ನಿಲ್ಲಿಸಿ ಮತ್ತೆ ಬಿಸಿ ಮಾಡಿ. ನೇರವಾಗಿ ಹೊರಕ್ಕೆ ಜಗ್ಗಿದರೆ ಬಣ್ಣ ಕೀಳುವ ಅಪಾಯ ಹೆಚ್ಚು.

ಪಟ್ಟಿ ತೀರಾ ಒಣಗಿ ಚೂರುಚೂರಾಗಿ ಬರುತ್ತಿದ್ದರೆ ಗ್ಯಾರೇಜಿನವರು ಡ್ರಿಲ್‌ಗೆ ಸಿಕ್ಕಿಸುವ ರಬ್ಬರ್ ಚಕ್ರ ಬಳಸುತ್ತಾರೆ. ಇದು ಬೇಗ ಕೆಲಸ ಮುಗಿಸುತ್ತದೆ, ಆದರೆ ಒಂದೇ ಜಾಗದಲ್ಲಿ ಒತ್ತಿ ಹಿಡಿದರೆ ಘರ್ಷಣೆಯ ಶಾಖಕ್ಕೆ ಬಣ್ಣ ಸುಡುತ್ತದೆ.

ಉಳಿದ ಅಂಟಿಗೆ ಏನು ಮಾಡಬೇಕು?

ಐಸೋಪ್ರೊಪೈಲ್ ಆಲ್ಕೋಹಾಲ್, ಅಂಟು ತೆಗೆಯುವ ದ್ರಾವಣ ಅಥವಾ ಡಬ್ಲ್ಯೂಡಿ-40 ಬಳಸಬಹುದು. ಮೊದಲು ಬಾಗಿಲಿನ ಒಳ ಅಂಚಿನಲ್ಲಿ ಪರೀಕ್ಷಿಸಿ. ಮೃದುವಾದ ಮೈಕ್ರೋಫೈಬರ್ ಬಟ್ಟೆಗೆ ಹಾಕಿ ಅಂಟಿನ ಮೇಲೆ ಒಂದೆರಡು ನಿಮಿಷ ಇಟ್ಟು, ಮೆಲ್ಲಗೆ ಒರೆಸಿ, ಕೊನೆಗೆ ಶಾಂಪೂ ನೀರಿನಲ್ಲಿ ತೊಳೆಯಿರಿ. ಪೇಂಟ್ ಅಂಗಡಿಯ ಥಿನ್ನರ್ ಬಳಸಬೇಡಿ. ಅದು ಮರುಬಣ್ಣವನ್ನು ಕರಗಿಸಬಲ್ಲದು. ಪೆಟ್ರೋಲ್‌ನಿಂದ ಬೆಂಕಿಯ ಅಪಾಯವಿದೆ. ದ್ರಾವಣ ಹಚ್ಚಿದ ಜಾಗಕ್ಕೆ ಡ್ರೈಯರ್ ಹಿಡಿಯಬೇಡಿ.

ಪಟ್ಟಿ ಹೋದರೂ ಗುರುತು ಏಕೆ?

ಪಟ್ಟಿಯ ಅಡಿಯ ಬಣ್ಣಕ್ಕೆ ಬಿಸಿಲು ತಾಗಿರುವುದಿಲ್ಲ, ಸುತ್ತಲಿನದು ಮಾಸಿರುತ್ತದೆ. ಹೀಗಾಗಿ ಪಟ್ಟಿಯ ಆಕಾರ ನೆರಳಿನಂತೆ ಉಳಿಯುತ್ತದೆ. ಮೇಲ್ಪದರ ಮಾತ್ರ ಮಂಕಾಗಿದ್ದರೆ ಪಾಲಿಶ್ ಮಾಡಿದಾಗ ಗುರುತು ಬಹುಪಾಲು ಮರೆಯಾಗುತ್ತದೆ. ಕ್ಲಿಯರ್ ಕೋಟ್ ಅಡಿಯ ಬಣ್ಣವೇ ಮಾಸಿದ್ದರೆ ಪಾಲಿಶ್‌ನಿಂದ ಪೂರ್ತಿ ಹೋಗದು. ಕ್ಲಿಯರ್ ಕೋಟ್ ಸುಮಾರು 35ರಿಂದ 50 ಮೈಕ್ರಾನ್ ಮಾತ್ರ. ಗುರುತು ಹೋಗಲಿಲ್ಲವೆಂದು ಕಾಂಪೌಂಡ್ ಹಾಕಿ ಉಜ್ಜುತ್ತಲೇ ಇದ್ದರೆ ಆ ಪದರವೇ ಸವೆದುಹೋಗುತ್ತದೆ. ಕೊನೆಯಲ್ಲಿ ವ್ಯಾಕ್ಸ್ ಹಚ್ಚುವುದನ್ನು ಮರೆಯಬೇಡಿ.

ಈ ಸ್ಟಿಕ್ಕರ್ ಮುಟ್ಟಬೇಡಿ

ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್ ಜೊತೆ ಮುಂಗಾಜಿನ ಒಳಗೆ ಅಂಟಿಸುವ ಹೊಲೊಗ್ರಾಂ ಸ್ಟಿಕ್ಕರ್ ಅಲಂಕಾರಕ್ಕಲ್ಲ, ಅದು ನೋಂದಣಿಯ ಗುರುತು. ಪೆಟ್ರೋಲ್ ಮತ್ತು ಸಿಎನ್‌ಜಿ ವಾಹನಕ್ಕೆ ತಿಳಿ ನೀಲಿ, ಡೀಸೆಲ್‌ಗೆ ಕಿತ್ತಳೆ ಬಣ್ಣ. ತೆಗೆಯಲು ಹೋದರೆ ಹರಿದುಹೋಗುವಂತೆಯೇ ಅದನ್ನು ಮಾಡಲಾಗಿದೆ.

ಬಣ್ಣ ಮೂಲದ್ದೇ ಆಗಿದ್ದು, ಪಟ್ಟಿ ಇನ್ನೂ ಮೆದುವಾಗಿದ್ದರೆ ಒಂದು ರಜಾ ದಿನದ ಬೆಳಿಗ್ಗೆ ಈ ಕೆಲಸವನ್ನು ಮನೆಯಲ್ಲೇ ಮುಗಿಸಬಹುದು. ಮರುಬಣ್ಣದ ಅನುಮಾನವಿದ್ದರೆ ಅಥವಾ ಮೊದಲ ಎಳೆತದಲ್ಲೇ ಬಣ್ಣದ ಚಕ್ಕೆ ಕಂಡರೆ ಅಲ್ಲಿಗೇ ನಿಲ್ಲಿಸಿ ಪೇಂಟ್ ಕೆಲಸ ಬಲ್ಲವರಿಗೆ ತೋರಿಸುವುದು ಲೇಸು.