ಸಾಂತಿಯಾಗೋ ಎಂಬ ಹೆಸರು

ಶಬ್ದಕ್ಕೆ ಅರ್ಥವು ಧಾತುವಿನಿಂದ ಬರುವುದೋ ಪ್ರಯೋಗದಿಂದ ಬರುವುದೋ ಎಂಬ ವಿಚಾರವು ನಮ್ಮ ಶಾಸ್ತ್ರಕಾರರಿಗೆ ಹೊಸದಲ್ಲ. ಕೆಸರಿನಲ್ಲಿ ಹುಟ್ಟಿದುದೆಲ್ಲವೂ ಪಂಕಜವೆನಿಸುವುದಿಲ್ಲ. ತಾವರೆಯೊಂದೇ ಆ ಹೆಸರಿಗೆ ಪಾತ್ರವಾಗಿರುವುದು. ಅವಯವಾರ್ಥಕ್ಕಿಂತ ರೂಢಿಯೇ ಬಲವತ್ತರವೆಂಬ ಈ ನ್ಯಾಯವು ಅಂಕಿತನಾಮಗಳಿಗೂ ಸಲ್ಲತಕ್ಕುದು. ಒಂದು ಜನಾಂಗವು ಪೂಜ್ಯಭಾವದಿಂದ ಉಚ್ಚರಿಸಿದ ಹೆಸರು ಮತ್ತೊಂದು ಜನಾಂಗದ ಬಾಯಲ್ಲಿ ಏನೇನಾಗಬಲ್ಲುದೆಂಬುದಕ್ಕೆ, ಸ್ಪೇನ್ ದೇಶದ ಸಂತನಾದ ಸಾಂತಿಯಾಗೋವಿನ ಹೆಸರಿಗೆ ಇಂಗ್ಲಿಷಿನಲ್ಲಿ ಒದಗಿದ ಗತಿಯು ಒಳ್ಳೆಯ ನಿದರ್ಶನವಾಗಿದೆ.

ಈ ಹೆಸರಿನ ಮೂಲವು ಇಬ್ರಿಯ ಭಾಷೆಯ ಯಾಕೋಬ್ ಎಂಬುದು. ಅವಳಿ ಮಕ್ಕಳಲ್ಲಿ ಕಿರಿಯವನು ಅಣ್ಣನ ಹಿಮ್ಮಡಿಯನ್ನು ಹಿಡಿದುಕೊಂಡು ಹುಟ್ಟಿದುದರಿಂದ ಅವನಿಗೆ ಆ ಹೆಸರಾಯಿತೆಂದು ಬೈಬಲ್ಲಿನ ಆದಿಕಾಂಡವು ಹೇಳುತ್ತದೆ. ಮುಂದೆ ಅವನು ಅಣ್ಣನ ಹಕ್ಕನ್ನು ಉಪಾಯದಿಂದ ತನ್ನದಾಗಿಸಿಕೊಂಡುದರಿಂದ, ಇನ್ನೊಬ್ಬನ ಸ್ಥಾನವನ್ನು ಅಪಹರಿಸಿದವನು ಎಂಬ ಅರ್ಥವೂ ಅದಕ್ಕೆ ಅಂಟಿಕೊಂಡಿತು. ಗ್ರೀಕರು ಇದನ್ನು ಇಯಾಕೋಬೋಸ್ ಎಂದೂ ರೋಮನರು ಇಯಾಕೋಬುಸ್ ಎಂದೂ ಕರೆದರು. ಈ ಲ್ಯಾಟಿನ್ ರೂಪವು ಆಡುಮಾತಿನಲ್ಲಿ ಇಯಾಕೋಮುಸ್ ಎಂದಾಗಿ, ಫ್ರೆಂಚರ ಮೂಲಕ ಇಂಗ್ಲೆಂಡಿಗೆ ಬಂದು ಜೇಮ್ಸ್ ಆಯಿತು. ಆದುದರಿಂದ ಇಂಗ್ಲಿಷ್ ಬೈಬಲ್ಲಿನಲ್ಲಿ ಹಳೆಯ ಒಡಂಬಡಿಕೆಯ ಮೂಲಪುರುಷನು ಜೇಕಬ್, ಹೊಸ ಒಡಂಬಡಿಕೆಯ ಶಿಷ್ಯನು ಜೇಮ್ಸ್. ಕನ್ನಡ ಬೈಬಲ್ಲಿನಲ್ಲಾದರೋ ಇಬ್ಬರೂ ಯಾಕೋಬರೇ. ಇಂಗ್ಲಿಷ್ ಓದುಗನಿಗೆ ಮರೆಯಾದ ಸಂಬಂಧವು ಕನ್ನಡ ಓದುಗನಿಗೆ ತಾನಾಗಿ ಕಾಣುವುದು.

ಬೆಸ್ತರ ಮನೆಯಲ್ಲಿ ಹುಟ್ಟಿ ಯೇಸುವಿನ ಹನ್ನೆರಡು ಮಂದಿ ಶಿಷ್ಯರಲ್ಲೊಬ್ಬನಾದ ಈ ಯಾಕೋಬನನ್ನು ಹೆರೋದರಸನು ಕತ್ತಿಯಿಂದ ಕೊಲ್ಲಿಸಿದನು. 9ನೆಯ ಶತಮಾನದ ಆದಿಭಾಗದಲ್ಲಿ ಅವನ ಸಮಾಧಿಯು ಸ್ಪೇನಿನ ವಾಯವ್ಯ ಮೂಲೆಯ ಗಲೀಸಿಯಾ ಪ್ರಾಂತದಲ್ಲಿ ದೊರೆಯಿತೆಂಬ ಪ್ರತೀತಿ ಹಬ್ಬಿತು. 'ಸಾಂತ್ ಇಯಾಗೋ' ಎಂಬೆರಡು ಪದಗಳು ಕೂಡಿ ಸಾಂತಿಯಾಗೋ ಎಂದಾದುವು. ಆ ಹೆಸರಿನ ಕ್ಷೇತ್ರವು ಯುರೋಪಿನ ಯಾತ್ರಿಕರಿಗೆ ರೋಮು ಜೆರೂಸಲೇಮುಗಳ ಸಾಲಿಗೆ ಸೇರಿತು. 1075ರಲ್ಲಿ ಆರಂಭವಾದ ಅಲ್ಲಿಯ ಮಹಾದೇವಾಲಯವು 1211ರಲ್ಲಿ ಪ್ರತಿಷ್ಠೆಗೊಂಡಿತು. ಮೂರ್ ಮುಸಲ್ಮಾನರೊಡನೆ ಶತಮಾನಗಳ ಕಾಲ ಕಾದಾಡಿದ ಸ್ಪೇನಿನ ಕ್ರೈಸ್ತರು, ಈ ಸಂತನು ಬಿಳಿಯ ಕುದುರೆಯನ್ನೇರಿ ತಮ್ಮ ಪಕ್ಷದಲ್ಲಿ ಯುದ್ಧಮಾಡಿದನೆಂದು ನಂಬಿ, ಮೂರರನ್ನು ಕೊಲ್ಲುವವನೆಂಬ ಅರ್ಥದಲ್ಲಿ ಅವನಿಗೆ ಮಾತಾಮೋರೋಸ್ ಎಂಬ ಬಿರುದನ್ನಿತ್ತರು. ಬಲೆ ಬೀಸುತ್ತಿದ್ದವನ ಹೆಸರು ರಣಘೋಷವಾಯಿತು. ಅದೇ ಘೋಷವನ್ನು ಅವರು ಸಮುದ್ರದಾಚೆಗೂ ಕೊಂಡೊಯ್ದರು. 1541ರಲ್ಲಿ ವಾಲ್ದೀವಿಯಾ ಎಂಬ ದಳಪತಿಯು ಚಿಲಿ ದೇಶದಲ್ಲಿ ಸ್ಥಾಪಿಸಿದ ನಗರವು ಇಂದಿಗೂ ಸಾಂತಿಯಾಗೋ ಆಗಿಯೇ ಇರುವುದು. ಇಂಗ್ಲಿಷರು 1607ರಲ್ಲಿ ವರ್ಜೀನಿಯಾದಲ್ಲಿ ಹೂಡಿದ ಮೊದಲ ನೆಲೆಗೆ ತಮ್ಮ ದೊರೆಯ ಗೌರವಾರ್ಥವಾಗಿ ಜೇಮ್ಸ್‌ಟೌನ್ ಎಂದು ಹೆಸರಿಟ್ಟರು. ಪರಸ್ಪರ ವೈರಿಗಳಾಗಿದ್ದ ಎರಡು ರಾಷ್ಟ್ರಗಳು ಹೊಸ ನೆಲದ ಮೇಲೆ ಮುದ್ರಿಸಿದುದು ಒಂದೇ ಹೆಸರನ್ನು!

ಸ್ಪೇನಿನವರ ಊರುಗಳು ಕೈಗೆ ಬಂದಾಗ ಇಂಗ್ಲಿಷರು ಈ ಹೆಸರನ್ನು ಅರ್ಧ ಅನುವಾದಿಸಿ ಅರ್ಧ ಹಾಗೆಯೇ ಉಳಿಸಿಕೊಂಡರು. 1655ರಲ್ಲಿ ಅವರು ಗೆದ್ದುಕೊಂಡ ಜಮೈಕಾ ದ್ವೀಪದ ರಾಜಧಾನಿ ಸಾಂತಿಯಾಗೋ ದೆ ಲಾ ವೇಗಾ ಎಂಬುದು ಸೇಂಟ್ ಜಾಗೋ ಎನಿಸಿತು. ಡಾರ್ವಿನ್ ಪಂಡಿತನು 1832ರಲ್ಲಿ ಕೇಪ್ ವರ್ಡ್ ದ್ವೀಪಗಳಲ್ಲಿಳಿದು ನೋಡಿದ ಸಾಂತಿಯಾಗೋ ದ್ವೀಪವನ್ನು ತನ್ನ ಪ್ರವಾಸಗ್ರಂಥದಲ್ಲಿ ಸೇಂಟ್ ಜಾಗೋ ಎಂದೇ ಬರೆದನು. ಸೇಂಟ್ ಜೇಮ್ಸ್ ಎಂದು ಬರೆದಿದ್ದರೆ ಸಂತನು ಇಂಗ್ಲಿಷರಿಗೆ ಸ್ವಜನನಾಗುತ್ತಿದ್ದನು. ಜಾಗೋ ಎಂದಾಗ ಪರಕೀಯನಾಗಿಯೇ ಉಳಿದನು.

ಸ್ಪೇನಿನಲ್ಲಿ ಅತಿ ಸಾಮಾನ್ಯವಾದ ದಿಯೇಗೋ ಎಂಬ ಹೆಸರೂ ಇಲ್ಲಿ ಪ್ರಸಕ್ತವಾಗುತ್ತದೆ. ಸಾಂತಿಯಾಗೋವನ್ನು 'ಸಾನ್ ತಿಯಾಗೋ' ಎಂದು ತಪ್ಪಾಗಿ ಬಿಡಿಸಿದುದರಿಂದ ಇದು ಹುಟ್ಟಿತೆಂಬುದು ಬಹುಕಾಲದ ನಂಬಿಕೆ. ಹಳೆಯ ಲ್ಯಾಟಿನ್ ಲೇಖಗಳಲ್ಲಿ ದಿದಾಕುಸ್ ಎಂಬ ರೂಪವಿರುವುದರಿಂದ ಇದು ಬೇರೆಯೇ ಹೆಸರೆಂದು ವಾದಿಸುವ ಪಂಡಿತರೂ ಉಂಟು. ಕ್ಯಾಲಿಫೋರ್ನಿಯಾದ ಸಾನ್ ದಿಯೇಗೋ ನಗರಕ್ಕೆ ಹೆಸರು ಬಂದುದು ಅಪೊಸ್ತಲ ಯಾಕೋಬನಿಂದಲ್ಲ. 1463ರಲ್ಲಿ ಮೃತನಾಗಿ 1588ರಲ್ಲಿ ಸಂತಪದವಿಗೇರಿದ, ಅಲ್ಕಲಾ ಪಟ್ಟಣದ ಫ್ರಾನ್ಸಿಸ್ಕನ್ ಸಹೋದರನಾದ ದಿಯೇಗೋವಿನಿಂದ. 1542ರಲ್ಲಿ ಸಾನ್ ಮಿಗೆಲ್ ಎಂದು ಕರೆಯಲ್ಪಟ್ಟಿದ್ದ ಆ ರೇವಿಗೆ ವಿಸ್ಕಾಯಿನೋ ಎಂಬ ನಾವಿಕನು 1602ರಲ್ಲಿ ಈ ಹೊಸ ಹೆಸರಿಟ್ಟನು. ಮುಂದೆ ಆ ಪ್ರಾಂತವು 1848ರ ಒಪ್ಪಂದದಿಂದ ಅಮೆರಿಕದ ಸಂಯುಕ್ತ ಸಂಸ್ಥಾನಕ್ಕೆ ಸೇರಿದರೂ ಹೆಸರು ಮಾತ್ರ ಬದಲಾಗಲಿಲ್ಲ.

ಅದೇ ಹೆಸರಿನ ಮತ್ತೆರಡು ರೂಪಗಳಿಗೆ ಇಂತಹ ಮರ್ಯಾದೆ ದೊರೆಯಲಿಲ್ಲ. ಷೇಕ್ಸ್‌ಪಿಯರ್ ಮಹಾಕವಿಯು ಒಥೆಲೋ ನಾಟಕದ ಕಥೆಯನ್ನು ಇಟಲಿಯ ಚಿಂಥಿಯೋ ಎಂಬವನಿಂದ ತೆಗೆದುಕೊಂಡನು. ಮೂಲದಲ್ಲಿ ದುಷ್ಟನಾದ ಧ್ವಜಧಾರಿಗೆ ಹೆಸರಿಲ್ಲ. ಇಯಾಗೋ ಎಂಬ ಹೆಸರು ಕವಿಯು ಆರಿಸಿದುದು. ಆ ಇಯಾಗೋವಿನ ಕುತಂತ್ರಕ್ಕೆ ಬಲಿಯಾಗುವವನು ಒಬ್ಬ ಮೂರ್. ಮಾತಾಮೋರೋಸ್ ಎಂಬ ಬಿರುದಿನ ನೆನಪು ಈ ಆಯ್ಕೆಯ ಹಿಂದೆ ಇದ್ದೀತೆಂದು ಕೆಲವು ವಿಮರ್ಶಕರು ಊಹಿಸಿರುವರು. ನಾಟಕವಾಡಿದ ಮೊದಲ ದಾಖಲೆಯು 1604ನೆಯ ನವೆಂಬರ್ 1ರದು. ಸ್ಥಳವು ದೊರೆ ಜೇಮ್ಸನ ಅರಮನೆ. ದೊರೆಯ ಹೆಸರೂ ಖಳನ ಹೆಸರೂ ಒಂದೇ ಮೂಲದ್ದು!

ಎರಡನೆಯದು ಇನ್ನೂ ಹೀನವಾದುದು. 17ನೆಯ ಶತಮಾನದ ಇಂಗ್ಲಿಷರು ಸ್ಪೇನಿನವನೊಬ್ಬನನ್ನು ಹಾಸ್ಯಕ್ಕಾಗಿ ದಿಯೇಗೋ ಎನ್ನುತ್ತಿದ್ದರು. 19ನೆಯ ಶತಮಾನದ ಅಮೆರಿಕದಲ್ಲಿ ಅದು ಡೇಗೋ ಎಂಬ ಬೈಗುಳಾಗಿ, ಕ್ರಮೇಣ ಇಟಲಿಯಿಂದ ವಲಸೆಬಂದ ಬಡವರ ಮೇಲೆ ಬಿದ್ದಿತು. 1890ರ ಅಕ್ಟೋಬರಿನಲ್ಲಿ ನ್ಯೂ ಆರ್ಲಿಯನ್ಸ್ ನಗರದ ಪೋಲೀಸ್ ಮುಖ್ಯಾಧಿಕಾರಿ ಹೆನೆಸಿ ಗುಂಡೇಟಿಗೆ ಗುರಿಯಾಗಿ, ಹೊಡೆದವರಾರೆಂದು ಕೇಳಿದಾಗ ಈ ಒಂದು ಮಾತನ್ನೇ ಉಸುರಿದನೆಂಬ ಸುದ್ದಿ ಹರಡಿತು. ಆ ಮಾತು ವ್ಯಕ್ತಿಯನ್ನು ತೋರಿಸಲಿಲ್ಲ, ಜಾತಿಯನ್ನು ತೋರಿಸಿತು. ವಿಚಾರಣೆಯಲ್ಲಿ ಯಾರೊಬ್ಬರ ಮೇಲೂ ಅಪರಾಧ ಸ್ಥಾಪಿತವಾಗಲಿಲ್ಲ. ಮರುದಿನ, 1891ನೆಯ ಮಾರ್ಚ್ 14ರಂದು, ಜನರ ಗುಂಪು ಸೆರೆಮನೆಗೆ ನುಗ್ಗಿ ಇಟಲಿ ಮೂಲದ 11 ಮಂದಿಯನ್ನು ಕೊಂದಿತು. ಆ ನಗರದ ಮೇಯರು ಇದಕ್ಕಾಗಿ ಕ್ಷಮಾಪಣೆ ಕೇಳಿದುದು 2019ರಲ್ಲಿ.

ಒಂದೇ ಭಾಷೆಯಲ್ಲಿ ಒಂದು ಹೆಸರು ಪಟ್ಟಣದ ಕೀರ್ತಿಯೂ ನಾಟಕದ ಖಳನೂ ಬೀದಿಯ ಬೈಗುಳೂ ಆಯಿತು. ಇವುಗಳಲ್ಲಿ ಯಾವುದೂ ಹಿಮ್ಮಡಿಯೆಂಬ ಧಾತ್ವರ್ಥದಿಂದ ಹುಟ್ಟಿದುದಲ್ಲ. ನಾಮಧಾರಿಗಳನ್ನು ಆಡುವವರು ಯಾವ ಭಾವದಿಂದ ನೋಡಿದರೋ ಅದರಿಂದ ಹುಟ್ಟಿದುದು. ನಿಘಂಟುಕಾರನು ಮೂಲವನ್ನು ಮಾತ್ರ ಹೇಳಬಲ್ಲನು. ರೂಢಿಯ ಭಾರವೆಲ್ಲ ಆಡುವವರ ನಾಲಗೆಯ ಮೇಲಿದೆ. ಅನ್ಯ ಜನರ ಹೆಸರುಗಳನ್ನು ನಾವು ಉಚ್ಚರಿಸುವಾಗಲೂ ಈ ಹೊಣೆಯನ್ನು ನೆನೆಯುವುದು ಉಚಿತವೆಂದು ತೋರುತ್ತದೆ.